ಬಸಿರಿನಲ್ಲಿ ಮನೋರೋಗದ ಮಾತ್ರೆ: ಯಾವುದನ್ನು ಮುಂದುವರಿಸಬಹುದು, ಯಾವುದನ್ನು ಬದಲಿಸಬೇಕು?

ಖಿನ್ನತೆಗೋ, ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೋ, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಿದ ವಾರವೇ ಎದುರಾಗುವ ಪ್ರಶ್ನೆ ಇದು: ಮಾತ್ರೆ ನಿಲ್ಲಿಸಲೇ, ಮುಂದುವರಿಸಲೇ, ಬೇರೆಯದಕ್ಕೆ ಹೋಗಲೇ? ವೈದ್ಯರನ್ನು ಕೇಳುವ ಮೊದಲೇ ಎಷ್ಟೋ ಮಂದಿ ಮಾತ್ರೆಯನ್ನು ಬಿಟ್ಟುಬಿಟ್ಟಿರುತ್ತಾರೆ. ಔಷಧದ ಅಂಗಡಿಯಲ್ಲಿ ‘ಬಸುರಿಯರಿಗೆ ಇದು ಆಗುವುದಿಲ್ಲ’ ಎಂದದ್ದನ್ನು ನಂಬಿದವರಿದ್ದಾರೆ. ಅತ್ತೆಯ ಮನೆಯಲ್ಲಿ ಕಾಯಿಲೆಯ ವಿಷಯವನ್ನೇ ಹೇಳದೆ, ಕದ್ದು ಮಾತ್ರೆ ನುಂಗುತ್ತಿದ್ದವರಿದ್ದಾರೆ. ಅಂತರ್ಜಾಲದಲ್ಲಿ ಒಂದು ಸಾಲು ಓದಿ ಹೆದರಿದವರಿದ್ದಾರೆ. ಅವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಪ್ರಮಾಣವನ್ನು ಬದಲಿಸಲೂಬಾರದು. ಮನೋವೈದ್ಯರ ಮತ್ತು ಪ್ರಸೂತಿ ತಜ್ಞರ ಎದುರು ಕುಳಿತಾಗ ಏನು ಕೇಳಬೇಕು, ಅವರು ಹೇಳಿದ್ದನ್ನು ಹೇಗೆ ತೂಗಬೇಕು ಎಂಬುದು ತಿಳಿದಿರಲಿ ಎಂಬುದಷ್ಟೇ ಇಲ್ಲಿನ ಉದ್ದೇಶ.

ತೂಗುವ ಮೊದಲು

ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ, ಆರೋಗ್ಯವಾಗಿರುವ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲೂ ಸುಮಾರು ಮೂವರಿಗೆ ಯಾವುದಾದರೂ ದೊಡ್ಡ ಜನ್ಮದೋಷ ಇರುತ್ತದೆ. ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರುವಾಗಬೇಕು. ಒಂದು ಔಷಧ ‘ಅಪಾಯವನ್ನು ಒಂದೂವರೆ ಪಟ್ಟು ಹೆಚ್ಚಿಸುತ್ತದೆ’ ಎಂದು ಓದಿದಾಗ ಎದೆ ಝಲ್ಲೆನ್ನುತ್ತದೆ. ಆದರೆ ಅದು ಸಾವಿರಕ್ಕೆ ಎರಡರಿಂದ ಮೂರಕ್ಕೆ ಏರಿದ್ದೋ, ನೂರಕ್ಕೆ ಇಪ್ಪತ್ತರಿಂದ ಮೂವತ್ತಕ್ಕೆ ಏರಿದ್ದೋ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ. ವೈದ್ಯರನ್ನು ಹೀಗೆಯೇ ಕೇಳಿ: ‘ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ?’

ಎರಡನೆಯದು ವಾರಗಳ ಲೆಕ್ಕ. ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನರಕೊಳವೆ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಹೃದಯದ ಮೂಲ ರಚನೆಯೂ ಹತ್ತನೆಯ ವಾರದ ಹೊತ್ತಿಗೆ ಆಗಿರುತ್ತದೆ. ಮೂರನೆಯ ತಿಂಗಳು ಕಳೆದ ಮೇಲೆ ಗಾಬರಿಯಿಂದ ಮಾತ್ರೆ ನಿಲ್ಲಿಸಿದರೆ ಅಂಗರಚನೆಯ ದೋಷವನ್ನು ತಪ್ಪಿಸಿದಂತಾಗುವುದಿಲ್ಲ, ಕಾಯಿಲೆಯನ್ನು ಮಾತ್ರ ಕರೆದಂತಾಗುತ್ತದೆ. ಆದರೆ ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಹಾಗಾಗಿ ಮಿದುಳಿನ ಬೆಳವಣಿಗೆಗೆ ಅಡ್ಡಿಮಾಡುವ ಔಷಧಕ್ಕೆ ಈ ವಿನಾಯಿತಿ ಸಲ್ಲುವುದಿಲ್ಲ.

ಮೂರನೆಯದು ನಿಮ್ಮದೇ ಚರಿತ್ರೆ. ಹಿಂದೆ ಮಾತ್ರೆ ಬಿಟ್ಟಾಗ ಏನಾಯಿತು? ಒಂದೆರಡು ತಿಂಗಳು ಮಂಕಾಗಿದ್ದು ಚೇತರಿಸಿಕೊಂಡಿರೋ, ಆಸ್ಪತ್ರೆ ಸೇರಬೇಕಾಯಿತೋ, ಸಾಯುವ ಯೋಚನೆ ಬಂದಿತ್ತೋ? ಯಾವ ಮಾತ್ರೆಯಿಂದ ಗುಣ ಕಂಡಿತು? ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಮಾನದಂಡ ಬೇರೆ ಇಲ್ಲ. ಪುಸ್ತಕದ ಪ್ರಕಾರ ಅತ್ಯಂತ ಸುರಕ್ಷಿತವಾದ ಮಾತ್ರೆ ನಿಮಗೆ ಕೆಲಸ ಮಾಡದಿದ್ದರೆ ಮಗುವಿಗೆ ಎರಡೂ ತಗಲುತ್ತವೆ, ಔಷಧವೂ ಕಾಯಿಲೆಯೂ.

ಇವುಗಳ ಜೊತೆಗೆ, ಆ ಔಷಧದ ಬಗ್ಗೆ ಎಷ್ಟು ವರ್ಷಗಳ ಅನುಭವವಿದೆ, ಹೆರಿಗೆಯ ನಂತರ ಎದೆಹಾಲಿಗೆ ಅದು ಹೇಗೆ ಹೊಂದುತ್ತದೆ, ಅದಕ್ಕೆ ಬೇಕಾದ ರಕ್ತಪರೀಕ್ಷೆ ನಿಮ್ಮ ಊರಿನಲ್ಲಿ ಆಗುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಔಷಧವೆಂದರೆ ಕೀಳಲ್ಲ. ಗರ್ಭಿಣಿಯರ ವಿಷಯದಲ್ಲಿ ಹೊಸದಕ್ಕಿಂತ ಹಳೆಯದರ ಬಗ್ಗೆಯೇ ಹೆಚ್ಚು ತಿಳಿದಿರುತ್ತದೆ. ಅಂತರ್ಜಾಲದಲ್ಲಿ ಈಗಲೂ ಸಿಗುವ, ಬಸಿರಿನಲ್ಲಿ ಔಷಧದ ಅಪಾಯವನ್ನು ಎ, ಬಿ, ಸಿ, ಡಿ, ಎಕ್ಸ್ ಎಂದು ಗುರುತಿಸುವ ಅಮೆರಿಕದ ವರ್ಗೀಕರಣವನ್ನು ನಂಬಿ ಕೂರಬೇಡಿ. ಆ ಅಕ್ಷರಗಳು ಜನರನ್ನು ದಾರಿತಪ್ಪಿಸುತ್ತವೆ ಎಂಬ ಕಾರಣಕ್ಕೇ ಅಲ್ಲಿನ ಔಷಧ ನಿಯಂತ್ರಕರು 2015ರಿಂದ ಅವನ್ನು ಕೈಬಿಟ್ಟರು.

ಮಾತ್ರೆಯೇ ಬೇಡ ಎಂಬ ಆಯ್ಕೆ

ಮನೆಯ ಹಿರಿಯರು ಸಾಮಾನ್ಯವಾಗಿ ಸೂಚಿಸುವುದು ಇದನ್ನೇ. ‘ಒಂಬತ್ತು ತಿಂಗಳು ತಡೆದುಕೋ, ಮಗುವಿನ ಮುಖ ನೋಡಿದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಆಡುವ ಮಾತು, ಆದರೆ ಅದನ್ನೂ ಇತರ ಆಯ್ಕೆಗಳಷ್ಟೇ ಕಟ್ಟುನಿಟ್ಟಾಗಿ ತೂಗಬೇಕು.

2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಖಿನ್ನತೆಯ ಮಾತ್ರೆಯನ್ನು ಬಸಿರಿನಲ್ಲಿ ನಿಲ್ಲಿಸಿದವರಲ್ಲಿ ನೂರಕ್ಕೆ 68 ಮಂದಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ನೂರಕ್ಕೆ 26 ಮಂದಿಗೆ. ಅವರೆಲ್ಲ ಮತ್ತೆ ಮತ್ತೆ ಖಿನ್ನತೆಗೆ ಒಳಗಾಗಿ ವಿಶೇಷ ಕೇಂದ್ರಗಳಿಗೆ ಬಂದವರು ಎಂಬುದನ್ನು ಮರೆಯಬಾರದು. ಸೌಮ್ಯ ಖಿನ್ನತೆಯವರಲ್ಲಿ ಅಂತರ ಇಷ್ಟು ದೊಡ್ಡದಲ್ಲ. ಬೈಪೋಲಾರ್ ಕಾಯಿಲೆಯಲ್ಲಿ ಸ್ಥಿತಿ ಇನ್ನೂ ಕಠಿಣ. 2007ರ ಅಧ್ಯಯನವೊಂದರಲ್ಲಿ ಔಷಧ ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಮರುಕಳಿಸಿತು, ಮುಂದುವರಿಸಿದವರಲ್ಲಿ 37 ಮಂದಿಗೆ. ಥಟ್ಟನೆ ನಿಲ್ಲಿಸಿದವರಿಗೆ ಬೇಗನೆ ಮರುಕಳಿಸಿತು.

ಚಿಕಿತ್ಸೆಯಿಲ್ಲದ ಖಿನ್ನತೆಯೂ ಗರ್ಭದ ಮಗುವನ್ನು ಸುಮ್ಮನೆ ಬಿಡುವುದಿಲ್ಲ. ತಾಯಿ ಊಟ ಬಿಡುತ್ತಾಳೆ, ನಿದ್ದೆಗೆಡುತ್ತಾಳೆ, ತಪಾಸಣೆಗೆ ಹೋಗುವುದನ್ನು ನಿಲ್ಲಿಸುತ್ತಾಳೆ. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಸಾಧ್ಯತೆ ಹೆಚ್ಚುತ್ತದೆ. ತೀವ್ರವಾದಾಗ ಆತ್ಮಹತ್ಯೆಯ ಅಪಾಯವೂ ಇದೆ.

ಹಾಗಾದರೆ ಮಾತ್ರೆ ಬಿಡುವುದು ಯಾರಿಗೆ ಸರಿ? ಜೀವನದಲ್ಲಿ ಒಮ್ಮೆ ಮಾತ್ರ ಸೌಮ್ಯ ಅಥವಾ ಮಧ್ಯಮ ಖಿನ್ನತೆ ಬಂದಿದ್ದು, ಬಹಳ ಕಾಲದಿಂದ ಚೆನ್ನಾಗಿರುವವರಿಗೆ. ಅವರೂ ಗರ್ಭ ನಿಲ್ಲುವ ಮೊದಲೇ, ವಾರಗಟ್ಟಲೆ ನಿಧಾನವಾಗಿ ಇಳಿಸುತ್ತ, ಜೊತೆಗೆ ಮನೋಚಿಕಿತ್ಸೆ ಪಡೆಯುತ್ತ ಬಿಡಬೇಕು. ಸೌಮ್ಯ ಖಿನ್ನತೆಗೆ, ಆತಂಕಕ್ಕೆ ಮಾತಿನ ಚಿಕಿತ್ಸೆಯೇ ಮೊದಲ ಆಯ್ಕೆಯಾಗಬಲ್ಲದು. ಆದರೆ ಮಾತ್ರೆ ಬಿಟ್ಟು ಅಶ್ವಗಂಧವೋ ಬೇರೆ ಯಾವುದೋ ಚೂರ್ಣವೋ ಶುರುಮಾಡುವುದು ಸುರಕ್ಷಿತ ಬದಲಾವಣೆಯಲ್ಲ. ಗರ್ಭಿಣಿಯರಲ್ಲಿ ಅವು ಪರೀಕ್ಷೆಗೆ ಒಳಪಟ್ಟಿರುವುದು ಈ ಮಾತ್ರೆಗಳಿಗಿಂತ ತುಂಬಾ ಕಡಿಮೆ.

ಖಿನ್ನತೆ, ಆತಂಕದ ಮಾತ್ರೆಗಳು

ಇಲ್ಲಿ ಮನಸ್ಸಿಗೆ ಹೆಚ್ಚು ಸಮಾಧಾನವಿದೆ. ಖಿನ್ನತೆಗೆ, ಆತಂಕಕ್ಕೆ ಇಂದು ಹೆಚ್ಚಾಗಿ ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಬಗ್ಗೆ ಲಕ್ಷಾಂತರ ಬಸಿರುಗಳ ದಾಖಲೆಯಿದೆ. ಅವುಗಳಲ್ಲಿ ಸರ್ಟ್ರಾಲಿನ್ ಬಹುತೇಕ ವೈದ್ಯರ ಮೊದಲ ಆಯ್ಕೆ: ಜನ್ಮದೋಷ ಹೆಚ್ಚಿದ್ದು ಕಂಡಿಲ್ಲ, ಎದೆಹಾಲಿಗೆ ಸೇರುವ ಪ್ರಮಾಣ ತೀರ ಕಡಿಮೆ, ಬೆಲೆಯೂ ಕೈಗೆಟಕುತ್ತದೆ. ಎಸಿಟಲೋಪ್ರಾಮ್ ಕೂಡ ಸಾಮಾನ್ಯವಾಗಿ ಮುಂದುವರಿಸಬಹುದಾದದ್ದು. ಫ್ಲುಯೊಕ್ಸೆಟಿನ್ ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ಎದೆಹಾಲಿಗೂ ಹೆಚ್ಚು ಸೇರುತ್ತದೆ. ಪ್ಯಾರೊಕ್ಸೆಟಿನ್‌ಗೆ ಮೊದಲ ಮೂರು ತಿಂಗಳಲ್ಲಿ ಹೃದಯದೋಷದ ಸಣ್ಣ ಅನುಮಾನ ಅಂಟಿಕೊಂಡಿದೆ, ಹಾಗಾಗಿ ಬಸಿರಿಗೆ ಮುನ್ನ ಬದಲಿಸುವ ಅವಕಾಶವಿದ್ದರೆ ಬದಲಿಸುವುದು ಒಳ್ಳೆಯದು. ಹಳೆಯ ಅಮಿಟ್ರಿಪ್ಟಿಲಿನ್ ಕೂಡ ದಶಕಗಳಿಂದ ಬಳಕೆಯಲ್ಲಿದ್ದು ಸಹನೀಯವೆನಿಸಿದೆ, ಆದರೆ ಮಲಬದ್ಧತೆ ಮತ್ತು ತೂಕಡಿಕೆ ಬಸುರಿಯರನ್ನು ಕಾಡುತ್ತವೆ.

ಸಂಪೂರ್ಣ ನಿರಪಾಯವೇ? ಅಲ್ಲ. ಕೊನೆಯ ತಿಂಗಳುಗಳಲ್ಲಿ ಈ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವತ್ತು ಮಕ್ಕಳು ಹುಟ್ಟಿದ ಮೊದಲ ದಿನಗಳಲ್ಲಿ ನಡುಗುವುದು, ಸಿಡಿಮಿಡಿಗೊಳ್ಳುವುದು, ಹಾಲು ಕುಡಿಯಲು ಹಿಂಜರಿಯುವುದು ಉಂಟು. ಬಹುಪಾಲು ಕೆಲವು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಅದಕ್ಕಾಗಿ ಹೆರಿಗೆಗೆ ಮುನ್ನ ಮಾತ್ರೆ ನಿಲ್ಲಿಸಬೇಕಿಲ್ಲ, ಮಗುವನ್ನು ನೋಡುವ ವೈದ್ಯರಿಗೆ ವಿಷಯ ತಿಳಿದಿದ್ದರೆ ಸಾಕು. ನವಜಾತ ಶಿಶುವಿನ ಶ್ವಾಸಕೋಶದ ರಕ್ತದೊತ್ತಡ ಏರುವ ಗಂಭೀರ ತೊಂದರೆ, ಮಾತ್ರೆ ತೆಗೆದುಕೊಳ್ಳದವರಲ್ಲಿ ಸಾವಿರಕ್ಕೆ ಸುಮಾರು ಎರಡು, ತೆಗೆದುಕೊಂಡವರಲ್ಲಿ ಸುಮಾರು ಮೂರು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಮಾತ್ರೆಯಿಂದ ಮಗುವಿಗೆ ಆಟಿಸಂ ಬರುತ್ತದೆಂಬ ಭಯವಂತೂ ಬಹಳ ಹರಡಿದೆ. ಒಂದೇ ತಾಯಿಯ ಮಕ್ಕಳಲ್ಲಿ ಮಾತ್ರೆಯ ಕಾಲದಲ್ಲಿ ಹುಟ್ಟಿದವರನ್ನೂ ಇಲ್ಲದಾಗ ಹುಟ್ಟಿದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಆ ಸಂಬಂಧ ಬಹುತೇಕ ಕರಗಿಹೋಯಿತು.

ಎಸಿಟಲೋಪ್ರಾಮ್‌ನಲ್ಲಿ ಚೆನ್ನಾಗಿರುವವರು ‘ಸರ್ಟ್ರಾಲಿನ್ ಇನ್ನೂ ಸುರಕ್ಷಿತವಂತೆ’ ಎಂದು ಬಸಿರಾದ ಮೇಲೆ ಬದಲಿಸಲು ಹೊರಡುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಬದಲಿಸಿದರೆ ಮಗುವಿಗೆ ಒಂದರ ಬದಲು ಎರಡು ಔಷಧ ತಗಲುತ್ತದೆ, ಹೊಸದು ಹಿಡಿಯದಿದ್ದರೆ ತಾಯಿಗೆ ಕಾಯಿಲೆಯೂ ಮರಳುತ್ತದೆ. ಹಾಗೆಯೇ ಒಂದೇ ಮಾತ್ರೆ ಸಾಕಷ್ಟು ಪ್ರಮಾಣದಲ್ಲಿ ಇರುವುದು ಎರಡು ಮಾತ್ರೆ ಅರ್ಧಂಬರ್ಧ ಪ್ರಮಾಣದಲ್ಲಿ ಇರುವುದಕ್ಕಿಂತ ಮೇಲು.

ಬೈಪೋಲಾರ್: ಆಯ್ಕೆ ನಿಜಕ್ಕೂ ಕಠಿಣವಾಗುವುದು ಇಲ್ಲಿ

ಈ ಬರಹದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಡುವುದಾದರೆ ಅದು ವ್ಯಾಲ್ಪ್ರೋಯೇಟ್ ಆಗಿರಲಿ. ನಿಮ್ಮ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ: ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸೋಡಿಯಂ ವ್ಯಾಲ್ಪ್ರೋಯೇಟ್, ವ್ಯಾಲ್ಪ್ರೊಯಿಕ್ ಆ್ಯಸಿಡ್ ಅಥವಾ ಡೈವ್ಯಾಲ್ಪ್ರೊಎಕ್ಸ್ ಎಂದಿದೆಯೇ? ಬೈಪೋಲಾರ್‌ಗೆ ಮಾತ್ರವಲ್ಲ, ಮೂರ್ಛೆರೋಗಕ್ಕೆ, ಮೈಗ್ರೇನ್ ತಲೆನೋವಿಗೂ ಇದನ್ನು ಕೊಡುತ್ತಾರೆ. ಬಸಿರಿನಲ್ಲಿ ಇದನ್ನು ತೆಗೆದುಕೊಂಡರೆ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ದೊಡ್ಡ ಜನ್ಮದೋಷ: ಬೆನ್ನುಹುರಿ ಮುಚ್ಚಿಕೊಳ್ಳದಿರುವುದು, ಹೃದಯದ ದೋಷ, ಸೀಳುತುಟಿ. ಅದಕ್ಕಿಂತ ನೋವಿನ ಸಂಗತಿಯೆಂದರೆ, ನೂರಕ್ಕೆ ಮೂವತ್ತರಿಂದ ನಲವತ್ತು ಮಕ್ಕಳಲ್ಲಿ ಮಾತು, ನಡಿಗೆ, ಕಲಿಕೆ ಹಿಂದುಳಿಯುತ್ತದೆ, ಆಟಿಸಂ ಸಾಧ್ಯತೆ ಹೆಚ್ಚುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಆದರೆ ಸುರಕ್ಷಿತ ಎನ್ನಬಹುದಾದ ಕಡಿಮೆ ಪ್ರಮಾಣ ಎಂಬುದಿಲ್ಲ. ಫೋಲಿಕ್ ಆ್ಯಸಿಡ್ ತೆಗೆದುಕೊಂಡರೆ ಸರಿಹೋಗುತ್ತದೆ ಎಂಬ ಭರವಸೆಯೂ ಇಲ್ಲ.

ಬ್ರಿಟನ್ನಿನಲ್ಲಿ 2018ರಿಂದ, ಗರ್ಭನಿರೋಧದ ಖಚಿತ ವ್ಯವಸ್ಥೆಯಿಲ್ಲದೆ ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಬರೆಯುವಂತಿಲ್ಲ. ನಮ್ಮಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರಿಗೆ, ಮದುವೆ ಗೊತ್ತಾಗಿರುವವರಿಗೆ ಇದನ್ನು ಬರೆದು, ಬಸಿರಿನ ಮಾತನ್ನೇ ಎತ್ತದೆ ಕಳುಹಿಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಮದುವೆಯ ಮಾತು ಶುರುವಾದಾಗಲೇ ಇದನ್ನು ಬದಲಿಸುವ ಮಾತೂ ಶುರುವಾಗಬೇಕು. ಈಗಾಗಲೇ ಬಸಿರಾಗಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ, ಅಂದೇ ಅಥವಾ ಮರುದಿನವೇ ವೈದ್ಯರನ್ನು ಕಾಣಿ. ಮೂರ್ಛೆರೋಗಕ್ಕಾಗಿ ತೆಗೆದುಕೊಳ್ಳುತ್ತಿದ್ದರಂತೂ ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಕಾರ್ಬಮಜೆಪಿನ್ ವ್ಯಾಲ್ಪ್ರೋಯೇಟ್‌ನಷ್ಟು ಕೆಟ್ಟದ್ದಲ್ಲ. ಆದರೂ ನರಕೊಳವೆಯ ದೋಷವನ್ನು ಹೆಚ್ಚಿಸುತ್ತದೆ. ಬೈಪೋಲಾರ್‌ಗೆ ಇದಕ್ಕಿಂತ ಒಳ್ಳೆಯ ಆಯ್ಕೆಗಳಿರುವಾಗ ಬಸಿರು ಬಯಸುವವರು ಇದರಲ್ಲೇ ಇರಲು ಕಾರಣವಿಲ್ಲ.

ಬೈಪೋಲಾರ್‌ನ ಹಳೆಯ ಔಷಧವಾದ ಲಿಥಿಯಂ ಕುರಿತ ಭಯಕ್ಕೆ ಐವತ್ತು ವರ್ಷಗಳ ಹಿಂದಿನ ದಾಖಲೆಗಳು ಕಾರಣ. ಎಬ್‌ಸ್ಟೀನ್ ಎಂಬ ಅಪರೂಪದ ಹೃದಯದೋಷ ನೂರಾರು ಪಟ್ಟು ಹೆಚ್ಚುತ್ತದೆ ಎಂದು ಆಗ ತಿಳಿದಿದ್ದರು. 2017ರಲ್ಲಿ ಅಮೆರಿಕದ 13 ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ಪರಿಶೀಲಿಸಿದ ಅಧ್ಯಯನ ಆ ಭಯವನ್ನು ಅಳತೆಗೆ ತಂದಿತು. ಲಿಥಿಯಂ ತೆಗೆದುಕೊಳ್ಳದವರ ಮಕ್ಕಳಲ್ಲಿ ನೂರಕ್ಕೆ ಸುಮಾರು 1.15 ಮಕ್ಕಳಿಗೆ ಹೃದಯದೋಷ ಇದ್ದರೆ, ತೆಗೆದುಕೊಂಡವರಲ್ಲಿ ಅದು 2.4. ಪ್ರಮಾಣ ಇಲ್ಲಿ ಬಹಳ ಮುಖ್ಯ. ದಿನಕ್ಕೆ 600 ಮಿಲಿಗ್ರಾಂವರೆಗೆ ಅಪಾಯ ಹೆಚ್ಚೇನೂ ಏರಲಿಲ್ಲ, 900 ಮಿಲಿಗ್ರಾಂ ದಾಟಿದವರಲ್ಲಿ ಸುಮಾರು ಮೂರು ಪಟ್ಟಾಯಿತು. ಲಿಥಿಯಂನಿಂದ ಮಾತ್ರ ನೆಮ್ಮದಿ ಕಂಡವರಿಗೆ, ಹಿಂದೆ ತೀವ್ರ ಉನ್ಮಾದ ಬಂದವರಿಗೆ ಇದನ್ನು ಮುಂದುವರಿಸುವುದು ಸಮಂಜಸವೇ.

ಆದರೆ ಇದರ ಮಾತ್ರೆ ಅಗ್ಗವಾದರೂ ನಿಗಾ ದುಬಾರಿ. ಬಸಿರಿನಲ್ಲಿ ಮೂತ್ರಪಿಂಡಗಳು ಹೆಚ್ಚು ದುಡಿಯುವುದರಿಂದ ರಕ್ತದಲ್ಲಿ ಲಿಥಿಯಂ ಮಟ್ಟ ಇಳಿಯುತ್ತದೆ, ಹೆರಿಗೆಯಾದೊಡನೆ ಏರುತ್ತದೆ. ನಾಲ್ಕು ವಾರಕ್ಕೊಮ್ಮೆ, ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ಐದನೆಯ ತಿಂಗಳ ಸುಮಾರಿಗೆ ಮಗುವಿನ ಹೃದಯದ ವಿಶೇಷ ಸ್ಕ್ಯಾನಿಂಗ್ ಬೇಕು. ಈ ಪರೀಕ್ಷೆಗಾಗಿ ಪ್ರತಿ ಬಾರಿ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದ ಹೆಣ್ಣುಮಗಳಿಗೂ ಬೆಂಗಳೂರಿನಲ್ಲಿರುವವಳಿಗೂ ಲಿಥಿಯಂ ಒಂದೇ ಆಯ್ಕೆಯಲ್ಲ. ತಿಂಗಳ ಖರ್ಚನ್ನು ಲೆಕ್ಕಹಾಕುವಾಗ ಮಾತ್ರೆಯ ಬೆಲೆಯ ಜೊತೆ ಪ್ರಯಾಣ, ಪರೀಕ್ಷೆ, ಕಳೆದುಕೊಳ್ಳುವ ಕೂಲಿ ಎಲ್ಲವನ್ನೂ ಸೇರಿಸಿ ವೈದ್ಯರಿಗೆ ಹೇಳಿ. ಇದನ್ನು ಹೇಳಲು ಸಂಕೋಚ ಪಡಬೇಕಿಲ್ಲ.

ಲ್ಯಾಮೋಟ್ರಿಜಿನ್‌ನ ಜನ್ಮದೋಷದ ಪ್ರಮಾಣ ಸಾಮಾನ್ಯ ಬಸಿರಿನ ಹತ್ತಿರವೇ ಇದೆ. ಬೈಪೋಲಾರ್‌ನ ಖಿನ್ನತೆಯ ಮುಖ ಹೆಚ್ಚಿರುವವರಿಗೆ ಇದು ಉತ್ತಮ. ತೊಡಕುಗಳು ಎರಡು. ತೀವ್ರ ಉನ್ಮಾದವನ್ನು ಇದು ತಡೆಯಲಾರದು. ಚರ್ಮದ ಗಂಭೀರ ಅಲರ್ಜಿಯ ಭಯದಿಂದ ಇದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕಾಗುತ್ತದೆ, ಆದ್ದರಿಂದ ಬಸಿರು ಗೊತ್ತಾದ ದಿನ ವ್ಯಾಲ್ಪ್ರೋಯೇಟ್ ಬಿಟ್ಟು ಇದಕ್ಕೆ ಹಾರಲು ಆಗುವುದಿಲ್ಲ. ಬಸಿರಿನ ಹಾರ್ಮೋನುಗಳಿಂದ ಇದರ ಮಟ್ಟವೂ ರಕ್ತದಲ್ಲಿ ಅರ್ಧಕ್ಕಿಂತ ಕೆಳಗಿಳಿಯಬಹುದು. ಪ್ರಮಾಣ ಏರಿಸಬೇಕಾಗಿ ಬಂದರೆ ಗಾಬರಿ ಬೇಡ. ಹೆರಿಗೆಯ ನಂತರ ಮರೆಯದೆ ಇಳಿಸಬೇಕು.

ತುರ್ತಾಗಿ ಬದಲಿಸಬೇಕಾದಾಗ ಹೆಚ್ಚಾಗಿ ನೆರವಿಗೆ ಬರುವುದು ಕ್ವೆಟಿಯಾಪಿನ್, ಒಲಾಂಜಪಿನ್ ಅಥವಾ ಹಳೆಯ ಹ್ಯಾಲೊಪೆರಿಡಾಲ್. ಸ್ಕಿಜೋಫ್ರೇನಿಯಾಕ್ಕೂ ಬಳಸುವ ಈ ಗುಂಪಿನಲ್ಲಿ ಜನ್ಮದೋಷ ಗಣನೀಯವಾಗಿ ಹೆಚ್ಚಿದ್ದು ಕಂಡಿಲ್ಲ. 2016ರ ದೊಡ್ಡ ಅಧ್ಯಯನವೊಂದರಲ್ಲಿ ರಿಸ್ಪೆರಿಡೋನ್‌ಗೆ ಮಾತ್ರ ಸಣ್ಣ ಏರಿಕೆ ಕಂಡಿತು. ಕ್ವೆಟಿಯಾಪಿನ್, ಒಲಾಂಜಪಿನ್ ತೂಕವನ್ನೂ ಬಸಿರಿನ ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು, ಮೊದಲೇ ತೂಕ ಹೆಚ್ಚಿರುವವರು ಮೊದಲ ತಪಾಸಣೆಯಲ್ಲೂ 24ರಿಂದ 28ನೆಯ ವಾರದಲ್ಲೂ ಸಕ್ಕರೆ ಪರೀಕ್ಷೆಯನ್ನು ಬಿಡಬಾರದು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: ರಿಸ್ಪೆರಿಡೋನ್‌ನಿಂದ ಮುಟ್ಟು ನಿಂತವರಿಗೆ ಕ್ವೆಟಿಯಾಪಿನ್‌ಗೆ ಬದಲಾದ ಮೇಲೆ ಗರ್ಭಧಾರಣೆಯ ಶಕ್ತಿ ಮರಳುತ್ತದೆ, ಬೇಡದಿದ್ದರೆ ಗರ್ಭನಿರೋಧ ಬೇಕಾಗುತ್ತದೆ.

ನಿದ್ದೆಗೆ, ಗಾಬರಿಗೆ ಕೊಡುವ ಕ್ಲೋನಾಜೆಪಾಮ್, ಲೊರಾಜೆಪಾಮ್, ಆಲ್ಪ್ರಜೋಲಾಮ್‌ಗಳ ಮಾತು ಚಿಕ್ಕದು. ಅಪರೂಪಕ್ಕೆ, ಕಡಿಮೆ ಪ್ರಮಾಣದಲ್ಲಿ ಆಗಬಹುದು. ಕೊನೆಯ ವಾರಗಳಲ್ಲಿ ದಿನವೂ ತೆಗೆದುಕೊಂಡರೆ ಮಗು ಮೈ ಸಡಿಲವಾಗಿ, ತೂಕಡಿಸುತ್ತ ಹುಟ್ಟಬಹುದು. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಥಟ್ಟನೆ ಬಿಟ್ಟರೆ ಸೆಳವು ಬರುವ ಅಪಾಯವಿದೆ, ವೈದ್ಯರ ನಿಗಾದಲ್ಲೇ ಇಳಿಸಬೇಕು.

ತವರು, ಬಾಣಂತನ, ಎದೆಹಾಲು

ನಮ್ಮಲ್ಲಿ ಏಳನೆಯ ತಿಂಗಳ ಹೊತ್ತಿಗೆ ಬಸುರಿ ತವರಿಗೆ ಹೋಗುತ್ತಾಳೆ. ಊರು ಬದಲಾಗುತ್ತದೆ, ವೈದ್ಯರು ಬದಲಾಗುತ್ತಾರೆ, ಮಾತ್ರೆಯ ಚೀಟಿ ಗಂಡನ ಮನೆಯಲ್ಲೇ ಉಳಿಯುತ್ತದೆ. ಹೊರಡುವ ಮುನ್ನ ಮನೋವೈದ್ಯರಿಂದ ಔಷಧದ ಮೂಲ ಹೆಸರು, ಪ್ರಮಾಣ, ಹೆರಿಗೆಯ ದಿನ ಏನು ಮಾಡಬೇಕು, ಮರುದಿನ ಎಷ್ಟಕ್ಕೆ ಇಳಿಸಬೇಕು ಎಂಬುದನ್ನು ಬರೆಸಿಕೊಳ್ಳಿ. ತಾಯಿ ಕಾರ್ಡ್‌ನಲ್ಲೂ ಔಷಧದ ಹೆಸರು ನಮೂದಾಗಲಿ.

ಬಾಣಂತಿಗೆ ನೀರು ಕಡಿಮೆ ಕೊಡುವ, ಉಪ್ಪಿಗೂ ಕಡಿವಾಣ ಹಾಕುವ ಪಥ್ಯ ಹಲವು ಮನೆಗಳಲ್ಲಿದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಇದು ವಿಷ. ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಉಳಿದುಕೊಂಡು ಕೈನಡುಕ, ವಾಂತಿ, ತೊದಲು, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್‌ನಂಥ ನೋವಿನ ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ತಾಯಿಯನ್ನು, ಬಾಣಂತನ ಮಾಡುವವರನ್ನು ಒಮ್ಮೆ ವೈದ್ಯರ ಬಳಿ ಕರೆದೊಯ್ದು ಅವರ ಬಾಯಿಂದಲೇ ಇದನ್ನು ಹೇಳಿಸಿ.

ಎದೆಹಾಲಿನ ಲೆಕ್ಕ ಬೇರೆಯೇ. ಸರ್ಟ್ರಾಲಿನ್, ಒಲಾಂಜಪಿನ್, ಕ್ವೆಟಿಯಾಪಿನ್ ಹಾಲಿಗೆ ಸೇರುವುದು ಕಡಿಮೆ, ಹಾಲೂಡಿಸಬಹುದು. ಲ್ಯಾಮೋಟ್ರಿಜಿನ್ ಸಾಕಷ್ಟು ಸೇರುತ್ತದೆ, ಮಗುವಿನ ಮೈಮೇಲೆ ಗುಳ್ಳೆ ಏಳುತ್ತದೆಯೇ ನೋಡುತ್ತಿರಬೇಕು. ಲಿಥಿಯಂನಲ್ಲಿ ಹಾಲೂಡಿಸುವುದು ಬೇಡವೆಂದೇ ಹೆಚ್ಚಿನವರು ಹೇಳುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್‌ನಲ್ಲೂ ಬೇಡ. ವ್ಯಾಲ್ಪ್ರೋಯೇಟ್ ಹಾಲಿಗೆ ಕಡಿಮೆಯೇ ಸೇರಿದರೂ ಮುಂದಿನ ಬಸಿರು ಅನಿರೀಕ್ಷಿತವಾಗಿ ನಿಲ್ಲಬಹುದು ಎಂಬ ಕಾರಣಕ್ಕೆ ಹೆರಿಗೆಯ ನಂತರವೂ ಅದನ್ನು ದೂರವಿಡುವುದು ಲೇಸು.

ಬಾಣಂತಿ ಸನ್ನಿ ಎಂದು ಹಳ್ಳಿಗಳಲ್ಲಿ ಕರೆಯುವ ತೀವ್ರ ಮನೋವಿಕಾರ ಸಾಮಾನ್ಯವಾಗಿ ಸಾವಿರ ಹೆರಿಗೆಗೆ ಒಂದೆರಡು. ಬೈಪೋಲಾರ್ ಇರುವವರಲ್ಲಿ ಅದು ಸುಮಾರು ಐವರಲ್ಲಿ ಒಬ್ಬರಿಗೆ ಬರಬಹುದು, ಹೆಚ್ಚಾಗಿ ಹೆರಿಗೆಯಾದ ಎರಡು ವಾರಗಳೊಳಗೆ. ಬಸಿರಿನಲ್ಲಿ ಮಾತ್ರೆ ಬಿಟ್ಟು ಚೆನ್ನಾಗಿದ್ದವರೂ ಹೆರಿಗೆಯ ದಿನದಿಂದಲೇ ಶುರುಮಾಡುವ ಬಗ್ಗೆ ಮೊದಲೇ ನಿರ್ಧರಿಸಿಕೊಂಡಿರಬೇಕು. ರಾತ್ರಿಯ ಒಂದು ಹೊತ್ತಿನ ಹಾಲನ್ನು ಬೇರೆಯವರು ಕುಡಿಸಿ ತಾಯಿಗೆ ಐದಾರು ಗಂಟೆ ನಿದ್ದೆ ಸಿಗುವಂತೆ ಮಾಡುವುದೂ ಚಿಕಿತ್ಸೆಯ ಭಾಗವೇ.

ಆಸ್ಪತ್ರೆ ಸೇರಬೇಕಾಗಿ ಬಂದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಅಪಾಯವಿಲ್ಲದಿದ್ದರೆ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ಘಟಕವೂ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯದ ಸೇವೆಯೂ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಹಲವು ಮಾತ್ರೆಗಳು ಉಚಿತ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಹಣ ಕೊಡಬೇಕಿಲ್ಲ.